ಎಂಟು ಬೈಟಿನ ಎಣಿಕೆ

ಮಂಗಳವಾರ ಮಾಡಿದ ಕೆಲಸ, ದಿನಚರಿಯಲ್ಲಿ ಬರೆದಿಟ್ಟಂತೆ: ನಳದ ನೀರು ಐದೂವರೆಗೆ ಬಂತು, ಎರಡು ಡ್ರಮ್ಮು, ಒಂದು ಹಂಡೆ ತುಂಬಿದ್ದು. ಮೊಸರು ಸರಿಯಾಗಿ ಹೆಪ್ಪಾಗಿರಲಿಲ್ಲ, ಮಜ್ಜಿಗೆ ಮಾಡಿದ್ದು. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟದ್ದು. ಅತ್ತೆಯ ಬಿಪಿ ಗುಳಿಗೆ ತಂದದ್ದು. ಕರ್ನೆಲ್‌ಗೆ ಎರಡು ಸುರಕ್ಷತಾ ತಿದ್ದುಪಡಿ ಸೇರಿಸಿ ಕಂಪೈಲ್ ಮಾಡಿದ್ದು. ಒಂದು ಎಚ್ಚರಿಕೆ ಬಂತು, ಸರಿಪಡಿಸಿದ್ದು. ಮಧ್ಯಾಹ್ನಕ್ಕೆ ಎಣ್ಣೆಗಾಯಿ. ರೊಟ್ಟಿ ಹದಿನಾಲ್ಕು.

ಇದರ ಕೆಳಗೆ ಬೇರೆ ಶಾಯಿಯಲ್ಲಿ ಒಂದು ಸಾಲಿದೆ: ‘ಹನ್ನೊಂದೂಕಾಲಿಗೆ ಸಾವ್ಕಾರರ ಫೋನು.’

ಸಾವ್ಕಾರರು ಎಂದರೆ ನಾನು ಕೆಲಸ ಮಾಡುವ ಕಂಪನಿಯ ಮಾಲೀಕರು. ಯಾದಗಿರಿ ಸ್ಟೇಷನ್ನಿನ ಹತ್ತಿರ ಮಹಡಿಯ ಮೇಲೆ ಎರಡು ಕೋಣೆ, ನಾಲ್ಕು ಮಂದಿ. ಕಾರ್ಖಾನೆಗಳಿಗೆ ಕಡತ ಸಂಗ್ರಹಿಸುವ ಸರ್ವರ್ ಜೋಡಿಸಿ ಕೊಡುತ್ತೇವೆ. ಯಂತ್ರ ಜೋಡಿಸುವವರು ಅವರು; ಅದರೊಳಗಿನ ಲಿನಕ್ಸ್ ಕರ್ನೆಲ್, ಎಂದರೆ ಯಂತ್ರದ ಎಲ್ಲ ಕೆಲಸ ನಡೆಸುವ ಮೂಲ ತಂತ್ರಾಂಶ, ನೋಡಿಕೊಳ್ಳುವವಳು ನಾನು, ಹೆಚ್ಚಿನ ದಿನ ಶಹಾಪುರದ ಮನೆಯಿಂದಲೇ. ವಯಸ್ಸಿನಲ್ಲಿ ಅವರು ನನಗಿಂತ ಹತ್ತು ವರ್ಷ ಚಿಕ್ಕವರು. ನಾನು ಸಾವ್ಕಾರ ಎನ್ನುವುದು ಅರ್ಧ ಮರ್ಯಾದೆಗೆ, ಅರ್ಧ ಚೇಷ್ಟೆಗೆ.

“ಅಕ್ಕಾರ, ಹೊಸ ಡಬ್ಬಿ ಹಳೀದಕ್ಕಿಂತ ನಿಧಾನ ನಡೀಲಾಕತ್ತದಂತ್ರೀ,” ಎಂದರು.

“ಯಾವ ಡಬ್ಬಿ?”

“ಕಡೇಚೂರಿನ ಔಷಧ ಕಾರ್ಖಾನಿದು. ಎಂಟು ಕೋರ್ ತಗದು ತೊಂಬತ್ತಾರು ಕೋರ್ ಕೊಟ್ಟೀವಲ್ರೀ, ಅದು. ಮಧ್ಯಾಹ್ನ ಎರಡಕ್ಕ ಪಾಳಿ ಬದಲಾಗೂಮುಂದ ಲ್ಯಾಬಿನ ಎಲ್ಲಾ ಸ್ಕ್ರೀನ್ ಜಾಮ್. ಮೇಡಂ ಹೈರಾಣಾಗ್ಯಾರ.”

ಮೇಡಂ ಎಂದರೆ ಆ ಕಾರ್ಖಾನೆಯ ಪ್ರಯೋಗಾಲಯದ ಮೇಲ್ವಿಚಾರಕಿ. ಸುರಪುರದ ಹೆಣ್ಣುಮಗಳು. ಹಳೆಯ ಯಂತ್ರವೇ ಸಾಕೆಂದು ಮ್ಯಾನೇಜರು ಹಟ ಹಿಡಿದಾಗ, ಯಾದಗಿರಿಯವರೇ ಮಾಡಿಕೊಡುತ್ತಾರೆ, ನಾನು ಜವಾಬ್ದಾರಿ ಎಂದು ಬದಲಾವಣೆಯ ಫಾರ್ಮಿಗೆ ಸಹಿ ಹಾಕಿದವರು. ಈಗ ಮ್ಯಾನೇಜರು ಶನಿವಾರದ ಎರಡು ಗಂಟೆಯ ಪಾಳಿಯವರೆಗೆ ಸಮಯ ಕೊಟ್ಟಿದ್ದರು. ಅಷ್ಟರೊಳಗೆ ಸರಿಹೋಗದಿದ್ದರೆ ಹಳೆಯ ಯಂತ್ರ ವಾಪಸ್ಸು. ದಾಖಲೆಗಳ ಜವಾಬ್ದಾರಿ ಅವರ ಕೈಯಿಂದ ಬೇರೆಯವರಿಗೆ. ಐದು ವರ್ಷ ಕಾದು ಪಡೆದ ಜಾಗವಂತೆ ಅದು.

“ಡಿಸ್ಕಿನ ಕೇಬಲ್ ಇರಬೇಕು. ನಾಳೆ ನಾನೇ ಹೋಗ್ತೀನಿ,” ಎಂದೆ. ನೋಡದೆಯೇ ಹಾಗೆ ಅಷ್ಟು ಖಚಿತವಾಗಿ ಹೇಳಬಾರದಿತ್ತು.

ಬುಧವಾರ ಶಹಾಪುರದಿಂದ ಯಾದಗಿರಿಗೆ ಬಸ್ಸು, ಅಲ್ಲಿಂದ ಸೈದಾಪುರಕ್ಕೆ ರೈಲು, ಮುಂದೆ ಕಾರ್ಖಾನೆಯ ಟೆಂಪೊ. ಬಾಗಿಲಲ್ಲಿ ಚಪ್ಪಲಿ ಬಿಡಿಸಿ, ತಲೆಗೆ ಟೋಪಿ, ಮೈಗೆ ಬಿಳಿ ಕೋಟು ಹಾಕಿಸಿದರು. ಪೆನ್‌ಡ್ರೈವ್ ಒಳಗೆ ಬಿಡುವುದಿಲ್ಲ. ಕಾಗದ, ಪೆನ್ನಿಗೆ ಅಡ್ಡಿಯಿಲ್ಲವಂತೆ. ನನಗೆ ಅಷ್ಟೇ ಬೇಕಾಗಿದ್ದದ್ದು.

ಮೊದಲು ಕೇಬಲ್ ಬದಲಿಸಿದೆ. ಎರಡು ಗಂಟೆಗೆ ಹಳೆ ಪಾಳಿ ಹೋಗಿ ಹೊಸ ಪಾಳಿ ಬಂತು. ಲ್ಯಾಬಿನಲ್ಲಿ ಉಪಕರಣಕ್ಕೊಂದು ಪರದೆ. ಎಲ್ಲವೂ ‘ಇಂದಿನ ಪಟ್ಟಿ’ ಎಂಬ ಒಂದೇ ಕಡತವನ್ನು ತೆರೆದು, ನಾಲ್ಕು ಸಾಲು ಓದಿ, ಮುಚ್ಚಿ, ಮರುಕ್ಷಣ ಮತ್ತೆ ತೆರೆಯುತ್ತವೆ. ಹೊಸ ಕೆಲಸ ಬಂತೇ ಎಂದು ನೋಡಲು ಆ ತಂತ್ರಾಂಶ ಬರೆದವರು ಹಿಡಿದ ದಾರಿ ಅದು. ಪಾಳಿ ಬದಲಾದಾಗ ಎಲ್ಲ ಪರದೆಗಳೂ ಒಟ್ಟಿಗೆ ಶುರುವಾಗುತ್ತವೆ, ಎಲ್ಲರೂ ಒಮ್ಮೆಗೇ ಬಾಗಿಲಿಗೆ ಬಂದಂತೆ. ಪರದೆಗಳು ನಿಂತವು. ಮೇಡಂ ಗಡಿಯಾರ ನೋಡಲಿಲ್ಲ. ತಮ್ಮ ಚಹಾದ ಲೋಟ ನೋಡಿದರು.

“ನೋಡ್ರೀ ಅಕ್ಕಾರ, ಚಾ ಆರಿ ಕೆನಿ ಕಟ್ತು. ಇನ್ನಾ ತೆರದಿಲ್ಲ.”

“ಕೇಬಲ್ ಅಲ್ಲ ಬಿಡ್ರೀ,” ಎಂದೆ.

“ಮತ್ತ ನಿನ್ನಿ ಕೇಬಲ್ಲೇ ಅಂದಿರಂತ?”

“ನಿನ್ನಿ ನಾ ಇನ್ನಾ ಬಂದಿದ್ದಿಲ್ಲ ಮೇಡಂ.”

ಅವರು ನಕ್ಕರು. ನಗುವಾಗಲೂ ಹುಬ್ಬು ಗಂಟಾಗಿಯೇ ಇತ್ತು.

ಡಿಸ್ಕು ಸುಮ್ಮನೆ ಕೂತಿತ್ತು. ಮೆಮೊರಿ ಅರ್ಧಕ್ಕಿಂತ ಹೆಚ್ಚು ಖಾಲಿ. ಆದರೂ ತೊಂಬತ್ತಾರು ಕೋರ್‌ಗಳೂ, ಎಂದರೆ ಯಂತ್ರದ ಲೆಕ್ಕ ಮಾಡುವ ತೊಂಬತ್ತಾರು ಘಟಕಗಳೂ, ಮೈಮುರಿದು ದುಡಿಯುತ್ತಿವೆ ಎಂದು ಅಂಕಿ ತೋರಿಸುತ್ತಿತ್ತು. ಪರ್ಫ್ ಎಂಬ ಅಳತೆಯ ಸಾಧನ ಓಡಿಸಿ, ಕರ್ನೆಲ್‌ನ ಯಾವ ಯಾವ ಭಾಗದಲ್ಲಿ ಹೊತ್ತು ಹೋಗುತ್ತಿದೆ ಎಂಬ ಪಟ್ಟಿಯ ಮೊದಲ ಹತ್ತು ಸಾಲುಗಳನ್ನು ನೋಟ್‌ಬುಕ್ಕಿಗೆ ಕೈಯಲ್ಲಿ ಬರೆದುಕೊಂಡೆ. ವಾಪಸು ಬರುವಾಗ ರೈಲಿನಲ್ಲಿ ಅದನ್ನೇ ಓದುತ್ತಾ ಕೂತೆ. ಮೊದಲ ಸಾಲೇ ವಿಚಿತ್ರ. ಕಡತ ತೆರೆಯಲು ಅನುಮತಿ ಇದೆಯೇ ಎಂದು ನೋಡುವ ಚಿಕ್ಕ ಭಾಗ ಅದು. ಬರೆಯುವ ಕೆಲಸವಿಲ್ಲ, ಬೀಗವಿಲ್ಲ, ಓದುವುದಷ್ಟೇ. ಬರೀ ಓದುವುದಕ್ಕೆ ಇಷ್ಟು ಹೊತ್ತು ಏಕೆ?

ಈ ಪ್ರಶ್ನೆ ಅರ್ಥವಾಗಬೇಕಾದರೆ ಒಂದು ವಿಷಯ ಹೇಳಬೇಕು. ಪ್ರತಿ ಕೋರ್‌ಗೂ ತನ್ನ ಪಕ್ಕದಲ್ಲೇ ಕ್ಯಾಶ್ ಎಂಬ ಪುಟ್ಟ ಮೆಮೊರಿ ಇರುತ್ತದೆ. ದೊಡ್ಡ ಮೆಮೊರಿಯಿಂದ ತರುವಾಗ ಅದು ಒಂದೊಂದೇ ಬೈಟು ತರುವುದಿಲ್ಲ. ಅರವತ್ನಾಲ್ಕು ಬೈಟಿನ ಒಂದು ಸಾಲನ್ನೇ ಎತ್ತಿಕೊಂಡು ಬರುತ್ತದೆ. ಎಲ್ಲರೂ ಓದುವವರೇ ಆದರೆ ಒಂದೇ ಸಾಲಿನ ಪ್ರತಿ ಎಲ್ಲರ ಬಳಿಯೂ ಇರಬಹುದು, ಜಗಳವಿಲ್ಲ. ಆದರೆ ಆ ಸಾಲಿನಲ್ಲಿ ಒಬ್ಬರು ಒಂದೇ ಒಂದು ಬೈಟು ಬರೆದರೂ ಉಳಿದವರ ಪ್ರತಿಗಳೆಲ್ಲ ರದ್ದು. ಎಲ್ಲರೂ ಹೊಸ ಪ್ರತಿಗೆ ಕಾಯಬೇಕು. ತಾನು ಓದಬೇಕಾದ ಬೈಟು ಬದಲಾಗದಿದ್ದರೂ ಕಾಯಬೇಕು, ಪಕ್ಕದ ಬೈಟು ಬದಲಾಯಿತಲ್ಲ.

ಹಾಗಾದರೆ ಅನುಮತಿಯ ಪಕ್ಕದಲ್ಲಿ ಕೂತು ಯಾರೋ ಬರೆಯುತ್ತಿದ್ದಾರೆ. ಯಾರು?

ಗುರುವಾರ ಯಾದಗಿರಿಯ ಆಫೀಸಿಗೆ ಹೋದೆ. ಅಂಥದೇ ಇನ್ನೊಂದು ಯಂತ್ರ ಮೂಲೆಯಲ್ಲಿತ್ತು. ಒಂದೇ ಕಡತವನ್ನು ತೆರೆದು ಮುಚ್ಚುವ ಇಪ್ಪತ್ತು ಸಾಲಿನ ಪ್ರೋಗ್ರಾಂ ಬರೆದು, ಮೊದಲು ಒಂದು ಕೋರ್, ಆಮೇಲೆ ಎರಡು, ನಾಲ್ಕು, ಎಂಟು, ಹೀಗೆ ಏರಿಸುತ್ತಾ ಹೋದೆ. ಎಂಟರವರೆಗೆ ಕೆಲಸ ಚೆನ್ನಾಗಿ ಏರಿತು. ಹದಿನಾರರಲ್ಲಿ ನಿಂತಿತು. ತೊಂಬತ್ತಾರರಲ್ಲಿ ಎಂಟು ಕೋರ್ ಮಾಡಿದ್ದಕ್ಕಿಂತ ಕಡಿಮೆ! ನನಗೆ ಖುಷಿಯಾಯಿತು. ಕಣ್ಣೆದುರು ಮರುಕಳಿಸಿದ ರೋಗ ಅರ್ಧ ವಾಸಿಯಾದಂತೆ.

ಕೋರ್‌ಗಳು ಯಾವ ಸಾಲಿಗಾಗಿ ಕಿತ್ತಾಡುತ್ತಿವೆ, ಆ ಸಾಲಿನ ಎಷ್ಟನೇ ಬೈಟಿಗೆ ಬರಹ ಬೀಳುತ್ತಿದೆ ಎಂದು ತೋರಿಸುವ ಇನ್ನೊಂದು ಸಾಧನವಿದೆ. ಅದನ್ನು ಓಡಿಸಿದೆ. ಐನೋಡ್, ಎಂದರೆ ಪ್ರತಿ ಕಡತದ ಬಗ್ಗೆ ಕರ್ನೆಲ್ ಇಟ್ಟುಕೊಳ್ಳುವ ಗುರುತಿನ ಚೀಟಿ, ಅದರ ಮೊದಲ ಸಾಲಿಗೇ ಈ ಕಿತ್ತಾಟ. ಆ ಸಾಲಿನಲ್ಲಿ ಯಾವ ಯಾವ ಅಂಶ ಎಲ್ಲೆಲ್ಲಿದೆ ಎಂದು ಬಿಡಿಸಿ ನೋಡಿದೆ. ಕಡತದ ಬಗೆ, ಮಾಲೀಕ, ಅನುಮತಿ. ಆಮೇಲೆ ಎಂಟು ಬೈಟಿನ ಒಂದು ಅಂಶ. ಹೆಸರು ಓದಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ.

ಅದು ನನ್ನದು. ಲಿನಕ್ಸ್‌ನವರದ್ದಲ್ಲ. ಆರು ವರ್ಷದ ಕೆಳಗೆ ನಮ್ಮ ಕಂಪನಿಯ ಕರ್ನೆಲ್‌ಗೆ ನಾನೇ ಸೇರಿಸಿದ್ದ ಎಣಿಕೆ. ಯಾವ ಕಡತ ಎಷ್ಟು ಸಲ ತೆರೆಯಿತು ಎಂದು ತೆರೆದಾಗಲೆಲ್ಲ ಒಂದು ಕೂಡಿಸುವುದು ಅದರ ಕೆಲಸ. ಹುಡುಕುವಾಗ ಬೇಗ ಕೈಗೆ ಸಿಗಲಿ ಎಂದು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೆ, ಅಡುಗೆಮನೆಯ ಮಾಡದಲ್ಲಿ ಉಪ್ಪಿನ ಡಬ್ಬಿಯ ಪಕ್ಕ ದಿನಚರಿ ಇಡುತ್ತೇನಲ್ಲ, ಹಾಗೆ. ಎಂಟು ಕೋರ್‌ಗಳ ಯಂತ್ರದಲ್ಲಿ ಅದರ ಭಾರ ಯಾರಿಗೂ ತಿಳಿಯಲಿಲ್ಲ. ತೊಂಬತ್ತಾರು ಕೈ ಒಮ್ಮೆಗೇ ಉಪ್ಪಿಗೆ ಬಂದಾಗ ಪ್ರತಿಯೊಂದೂ ನನ್ನ ದಿನಚರಿಯಲ್ಲಿ ಒಂದು ಗೆರೆ ಎಳೆದೇ ಹೋಗಬೇಕಾಗಿತ್ತು.

“ಸಿಕ್ತೇನ್ರೀ ಕಳ್ಳ?” ಸಾವ್ಕಾರರು ಬಾಗಿ ನೋಡಿದರು.

“ಸಿಕ್ತು. ನಾನೇ.”

“ಹಾಂ?”

ತೋರಿಸಿದೆ. ಅವರು “ತೆಗೀಬ್ಯಾಡ್ರೀ ಮತ್ತ,” ಎಂದರು. “ಅದು ನಮ್ಮ ಡಬ್ಬಿ ಶೃಂಗಾರ ಅದ. ಗಿರಾಕಿ ಮುಂದ ಮೊದಲ ತೋರ್ಸೂದೇ ಅದನ್ನ. ‘ನೋಡ್ರೀ, ನಿಮ್ಮ ಫೈಲ್ ಎಷ್ಟ ಸಲ ತೆರದಾರ, ಬರೋಬ್ಬರಿ ಲೆಕ್ಕ’ ಅಂತ. ಬ್ಯಾರೇದವರ ಡಬ್ಬ್ಯಾಗ ಇಲ್ಲ.”

ತೆಗೆಯುವ ಮನಸ್ಸು ನನಗೂ ಇರಲಿಲ್ಲ. ಜಾಗ ಬದಲಿಸಿದರಾಯಿತು ಎಂದುಕೊಂಡೆ. ಎಣಿಕೆಯನ್ನು ಐನೋಡ್‌ನ ಕೊನೆಗೆ, ಯಾರೂ ಓದದ ಒಂದು ಸಾಲಿಗೆ ಒಯ್ದಿಟ್ಟೆ. ಅನುಮತಿಯ ಸಾಲು ಶಾಂತವಾಯಿತು. ಆದರೆ ಜಗಳ ನಿಲ್ಲಲಿಲ್ಲ, ಮನೆ ಬದಲಿಸಿತು ಅಷ್ಟೇ: ಒಂದು ಕೂಡಿಸಬೇಕೆಂದರೆ ಆ ಹೊಸ ಸಾಲನ್ನೂ ಒಂದು ಕೋರ್ ಇನ್ನೊಂದರಿಂದ ಕಸಿದುಕೊಳ್ಳಲೇಬೇಕು. ವೇಗ ಸ್ವಲ್ಪ ಸುಧಾರಿಸಿತು, ಸಾಲದು.

ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡು ಎರಡನೇ ದಾರಿ ಹಿಡಿದೆ. ಒಂದು ಎಣಿಕೆಯ ಬದಲು ಕೋರ್‌ಗೆ ಒಂದರಂತೆ ತೊಂಬತ್ತಾರು. ಪ್ರತಿಯೊಂದೂ ತನ್ನದನ್ನು ತಾನೇ ಕೂಡಿಸಿಕೊಳ್ಳುತ್ತದೆ. ಯಾರಾದರೂ ಕೇಳಿದಾಗ ಮಾತ್ರ ಎಲ್ಲವನ್ನೂ ಸೇರಿಸಿ ಹೇಳುವುದು. ಕರ್ನೆಲ್‌ನಲ್ಲಿ ಇದು ಹೊಸ ಉಪಾಯವಲ್ಲ, ಬಹಳ ಕಡೆ ಹೀಗೇ ಮಾಡುತ್ತಾರೆ. ಐದು ಗಂಟೆಗೆ ಓಡಿಸಿದೆ. ತೊಂಬತ್ತಾರು ಕೋರ್‌ವರೆಗೂ ಕೆಲಸ ಏರುತ್ತಲೇ ಹೋಯಿತು.

“ಅಕ್ಕಾರ, ಕೈ ಕೊಡ್ರಿಲ್ಲಿ!” ಎಂದು ಸಾವ್ಕಾರರು ಕೈ ಕುಲುಕಿಯೇಬಿಟ್ಟರು. ಮೇಡಂಗೆ ಫೋನ್ ಮಾಡಲು ಹೊರಟಿದ್ದರು, ನಾನು ತಡೆದೆ. ಕಾರ್ಖಾನೆಯಲ್ಲಿ ಪ್ರತಿ ರಾತ್ರಿ ಎಲ್ಲ ಕಡತಗಳ ನಕಲು ತೆಗೆಯುತ್ತಾರೆ. ಅದೂ ಒಮ್ಮೆ ಆಗಿ ನೋಡೋಣ ಎಂದು ಹೇಳಿ, ಅಂಥದೇ ಕೆಲಸವನ್ನು ಯಂತ್ರಕ್ಕೆ ಹಚ್ಚಿ ಆರರ ಬಸ್ಸು ಹಿಡಿದೆ.

ಶುಕ್ರವಾರ ಬೆಳಿಗ್ಗೆ ಹಾಲು ಕಾಯಲು ಇಟ್ಟು ಲ್ಯಾಪ್‌ಟಾಪ್ ತೆರೆದರೆ ಆ ಯಂತ್ರದ ಮೆಮೊರಿ ಭರ್ತಿ. ಲ್ಯಾಬಿನ ಕಡತಗಳು ಕೋಟಿ ಲೆಕ್ಕದವು, ಒಂದೊಂದೂ ಬೆರಳಷ್ಟು. ನಕಲು ತೆಗೆಯುವಾಗ ಪ್ರತಿ ಕಡತದ ಚೀಟಿಯೂ ಮೆಮೊರಿಗೆ ಬರುತ್ತದೆ; ಪ್ರತಿ ಚೀಟಿಯ ಬೆನ್ನಿಗೆ ಈಗ ತೊಂಬತ್ತಾರು ಎಣಿಕೆ. ಜೀವಮಾನದಲ್ಲಿ ಒಂದೇ ಸಲ ತೆರೆಯುವ ಕಡತಕ್ಕೂ ತೊಂಬತ್ತಾರು. ಹಾಲು ಉಕ್ಕಿ ಒಲೆ ಆರಿತು. ಅದನ್ನೂ ದಿನಚರಿಯಲ್ಲಿ ಬರೆದಿದ್ದೇನೆ.

ಅಂದು ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನಾನು ಹಂಚಿನ ಮುಂದೆ ಕೂತು ಅರಿವೆಯಲ್ಲಿ ನೀರು ಸವರಿ ತಿರುವಿ ಹಾಕುವವಳು. ತಲೆಯೆಲ್ಲ ಮೆಮೊರಿಯಲ್ಲಿ. ಬಾಯಿ ತಾನೇ ಎಣಿಸುತ್ತಿತ್ತು. “ಏಳು,” ಎಂದೆ.

ಅತ್ತೆಯ ಕೈ ನಿಂತಿತು. ಬಡಿಯುತ್ತಿದ್ದ ರೊಟ್ಟಿಯ ಅಂಚು ಸೀಳಿತ್ತು.

“ಯವ್ವಾ, ಬಡಿಯೂಮುಂದ ಎಣಸಬ್ಯಾಡಂತ ಎಷ್ಟ ಸಲ ಹೇಳ್ಬೇಕು ನಿನಗ? ನೀ ಏಳಂದಕೂಡ್ಲೆ ನನ್ನ ಲಕ್ಷ್ಯ ಎಂಟಕ್ಕ ಹೋಗ್ತದ, ರೊಟ್ಟಿ ಮ್ಯಾಲ ಇರಂಗಿಲ್ಲ.”

“ಬರ್ಕೋಬೇಕಲ್ಲತ್ತಿ.”

“ಯಾರು ಓದ್ತಾರದನ್ನ?”

“ನಾನೇ.”

“ನೀ ಓದಾಕ ನಾ ಕೈ ಕೆಡಿಸ್ಕೊಳ್ಳೇನು? ಅಷ್ಟ ಇದ್ರ ಬುಟ್ಟಿ ಮುಚ್ಚೂಮುಂದ ಎಣಸು. ರೊಟ್ಟಿ ಎಲ್ಲಿಗೂ ಓಡಿ ಹೋಗಂಗಿಲ್ಲ.”

ರೊಟ್ಟಿ ಬಡಿಯುವಾಗ ಎಣಿಸಬಾರದು ಎಂಬುದು ನಮ್ಮ ಕಡೆ ಬಹಳ ಮನೆಗಳಲ್ಲಿ ಇರುವ ಮಾತು. ಬರ್ಕತ್ತು, ಮನೆಯ ಸಮೃದ್ಧಿ, ಹೋಗುತ್ತದೆ ಎನ್ನುತ್ತಾರೆ. ನಾನು ಮದುವೆಯಾಗಿ ಬಂದಾಗಿನಿಂದ ಕೇಳಿದ್ದೇನೆ, ಒಮ್ಮೆಯೂ ಪಾಲಿಸಿಲ್ಲ. ಅಂದು ಮಾತ್ರ ಅರಿವೆ ಕೈಯಲ್ಲಿ ಹಿಡಿದು ಹಾಗೇ ಕೂತೆ. ಹಂಚಿನ ಮೇಲಿನ ರೊಟ್ಟಿ ಕರಿದಾಯಿತು. ಅದಕ್ಕೂ ಬೈಸಿಕೊಂಡೆ.

ಅತ್ತೆ ಕೇಳಿದ್ದು ಎರಡೇ ಪ್ರಶ್ನೆ. ಯಾರು ಓದುತ್ತಾರೆ? ಆಮೇಲೆ ಎಣಿಸಿದರೆ ಆಗದೇ? ಎರಡನ್ನೂ ಎಣಿಕೆ ಸೇರಿಸುವ ದಿನ ನಾನೇ ಕೇಳಿಕೊಳ್ಳಬೇಕಿತ್ತು. ಲ್ಯಾಬಿನ ತಂತ್ರಾಂಶ ತನಿಖೆಯವರಿಗೆಂದು ಯಾರು, ಯಾವಾಗ, ಯಾವ ಕಡತ ತೆರೆದರು ಎಂಬುದನ್ನು ತನ್ನದೇ ದಾಖಲೆಯಲ್ಲಿ ಬರೆದಿಡುತ್ತದೆ. ಲೆಕ್ಕ ಬೇಕೆಂದರೆ ದಿನದ ಕೊನೆಗೆ ಅದರಿಂದ ತೆಗೆಯಬಹುದು. ಕರ್ನೆಲ್ ಅದನ್ನೇ ಎರಡನೇ ಸಲ, ಕೆಲಸದ ನಡುವೆಯೇ, ಎಣಿಸುತ್ತಿತ್ತು.

ಕೈ ತೊಳೆದು ಮೇಡಂಗೆ ಫೋನ್ ಮಾಡಿದೆ.

“ನಮ್ಮ ಡಬ್ಬಿ ಪರದೆ ಮ್ಯಾಲ ಫೈಲ್ ತೆರದ ಎಣಿಕೆ ಬರ್ತದಲ್ರೀ, ನೋಡ್ತೀರೇನು?”

“ಎಲ್ಲಿ ಬರ್ತದ್ರೀ ಅದು?”

“ಬಲಗಡೆ, ಮ್ಯಾಲ. ಹಸರ ಅಕ್ಷರ.”

“ಅದಾ! ಅದು ತಾರೀಖಂತ ತಿಳ್ಕೊಂಡಿದ್ದೆ ನೋಡ್ರಿ.”

ಸಾವ್ಕಾರರಿಗೆ ಇದನ್ನು ಇದ್ದದ್ದು ಇದ್ದಂತೆ ಹೇಳಿದೆ. ಆ ಕಡೆ ಉಸಿರು ಬಿಟ್ಟ ಸದ್ದು ಕೇಳಿತು. “ಆರು ವರ್ಷ ತಾರೀಖು ತೋರ್ಸಿ ಕುಣದೀವಿ ಹಂಗಾರ,” ಎಂದರು. ಆಮೇಲೆ, “ತೆಗೀರಿ. ಆದ್ರ ಸಂಜಿಕ ಒಂದ್ಸಲ ಆ ದಾಖಲಿ ಕೂಡ್ಸಿ ಹಸರ ಅಕ್ಷರದಾಗ ತೋರ್ಸ್ರಿ, ನನ್ನ ಮನಸಿಗಿ.”

ತೆಗೆದೆ. ಆರು ವರ್ಷದ ಕೆಳಗೆ ಸೇರಿಸಿದ್ದು ಒಂಬತ್ತು ಸಾಲು ಕೋಡು. ಅಳಿಸಿದ್ದು ಅದೇ ಒಂಬತ್ತು. ಅಂಶಗಳು ಮತ್ತೆ ಮೇಲೆ ಸರಿದು, ಬರೀ ಓದುವಂಥವು ಒಂದೇ ಸಾಲಿನಲ್ಲಿ ಕೂತಿವೆಯೇ ಎಂದು ಬಿಡಿಸಿ ನೋಡಿದೆ. ಕೂತಿದ್ದವು. ಅಳತೆ ಹಾಕಿದೆ, ಎರಡನೇ ದಾರಿಯಷ್ಟೇ ವೇಗ, ಮೆಮೊರಿ ಮೊದಲಿನಷ್ಟೇ. ಮಧ್ಯಾಹ್ನವೆಲ್ಲ ನಕಲು ತೆಗೆಯುವ ಕೆಲಸ ಓಡಿಸಿ ಕಾದೆ. ಈ ಸಲ ಮೆಮೊರಿ ಉಕ್ಕಲಿಲ್ಲ.

ಉಳಿದದ್ದು ಫಾರ್ಮು. ಔಷಧದ ಕಾರ್ಖಾನೆಯಲ್ಲಿ ಒಂದು ಮೊಳೆ ಬದಲಿಸಿದರೂ ಫಾರ್ಮು ಬೇಕು: ಏನು ಬದಲಾವಣೆ, ಏಕೆ, ಮೊದಲಿನ ದೋಷ ಯಾರ ಕಡೆಯಿಂದ. ಶನಿವಾರ ಹನ್ನೊಂದಕ್ಕೆ ಮೇಡಂ ಅದನ್ನು ನನ್ನ ಮುಂದಿಟ್ಟರು. ಮೂರನೇ ಕಾಲಮ್ಮಿನಲ್ಲಿ ಪೆನ್ಸಿಲ್ಲಿನಿಂದ ‘ಯಂತ್ರದ ಆಯ್ಕೆ’ ಎಂದು ಯಾರೋ ಬರೆದಿದ್ದರು.

“ಮ್ಯಾನೇಜರ್ ಬರದಾರ್ರೀ,” ಎಂದರು ಮೇಡಂ. “ಆರಿಸಿದಾಕಿ ನಾನೇ ಅಲ್ಲೇನ್ರೀ. ಇವತ್ತ ಸರಿ ಆದ್ರೂ ಅದು ನನ್ನ ಹೆಸರಿಗೇ ಬೀಳ್ತದ.”

ರಬ್ಬರು ಕೇಳಿ ಪೆನ್ಸಿಲ್ ಅಳಿಸಿದೆ. ಪೆನ್ನಿನಲ್ಲಿ ಬರೆದೆ: ‘ಯಂತ್ರದಲ್ಲಿ ದೋಷವಿಲ್ಲ. ಕಡತ ತೆರೆದಾಗಲೆಲ್ಲ ಎಣಿಸುವ ಒಂದು ಅಂಶವನ್ನು ನಾನು ಕರ್ನೆಲ್‌ನಲ್ಲಿ ತಪ್ಪು ಜಾಗದಲ್ಲಿ ಸೇರಿಸಿದ್ದೆ. ಅದನ್ನು ತೆಗೆದಿದ್ದೇನೆ.’ ಕೆಳಗೆ ಸಹಿ, ಪೂರ್ತಿ ಹೆಸರು.

“ಅಕ್ಕಾರ, ಹಿಂಗ್ಯಾಕ ಬರೀತೀರಿ? ನಿಮ್ಮ ಇಜ್ಜತ್?”

“ಇಟ್ಟಾಕಿ ನಾನು, ತಗದಾಕಿ ನಾನು. ನಿಮ್ಮ ಹೆಸರ ಇದ್ರಾಗ ಎಲ್ಲಿ ಬರ್ತದ?”

ಮೇಡಂ ಬಾಗಿಲಲ್ಲಿ ಬರೆಸಿ ಒಳಗೆ ಬಿಡಿಸಿದ ಡಿಸ್ಕಿನಿಂದ ಹನ್ನೆರಡಕ್ಕೆ ಹೊಸ ಕರ್ನೆಲ್ ಹಾಕಿ ಯಂತ್ರ ಮರುಚಾಲನೆ ಮಾಡಿದೆ. ಒಂದೂಮುಕ್ಕಾಲಿಗೆ ಮ್ಯಾನೇಜರು ಬಂದು ಕೈಕಟ್ಟಿ ಗೋಡೆಗೆ ಒರಗಿ ನಿಂತರು. ಎರಡಕ್ಕೆ ಇನ್ನೊಂದು ನಿಮಿಷ ಇರುವಾಗ ಮೇಡಂ ಚಹಾ ತರಿಸಿ ಲೋಟವನ್ನು ಪರದೆಯ ಪಕ್ಕ ಇಟ್ಟರು. ಎರಡಾಯಿತು. ಒಂದು ಪಾಳಿ ಹೋಯಿತು, ಇನ್ನೊಂದು ಬಂತು. ಪರದೆಗಳು ಒಂದರ ಹಿಂದೆ ಒಂದು ತೆರೆದವು. ಹುಡುಗಿಯರು ಟೋಪಿ ಸರಿಪಡಿಸಿಕೊಳ್ಳುತ್ತಾ ಕೆಲಸಕ್ಕೆ ಕೂತರು. ಏನೋ ನಡೆಯಿತೆಂದು ಅವರಿಗೆ ಗೊತ್ತೇ ಆಗಲಿಲ್ಲ.

ಮೇಡಂ ಲೋಟ ಎತ್ತಿ ಒಂದು ಗುಟುಕು ಕುಡಿದು ನಾಲಿಗೆ ಸುಟ್ಟುಕೊಂಡರು. “ಬಿಸಿ ಅದ!” ಎಂದರು, ಮ್ಯಾನೇಜರಿಗೆ ಕೇಳುವಂತೆ.

ಮ್ಯಾನೇಜರು ಫಾರ್ಮು ಓದಿದರು. ಮೂರನೇ ಕಾಲಮ್ಮನ್ನು ಎರಡು ಸಲ ಓದಿದರು. ನನ್ನ ಕಡೆ ಒಮ್ಮೆ ನೋಡಿ ಸಹಿ ಹಾಕಿದರು. ದಾಖಲೆಗಳ ಬೀಗದ ಕೈ ಮೇಡಂ ಕೋಟಿನ ಜೇಬಿನಲ್ಲೇ ಉಳಿಯಿತು.

ಹೊರಡುವ ಮೊದಲು ಸಾಧನ ಇನ್ನೊಮ್ಮೆ ಓಡಿಸಿದೆ. ಪಟ್ಟಿಯಲ್ಲಿ ಇನ್ನೂ ಒಂದು ಸಾಲಿಗಾಗಿ ತುಸು ಕಿತ್ತಾಟವಿತ್ತು. ಅದು ಕರ್ನೆಲ್‌ನದೇ ಎಣಿಕೆ: ಈ ಕಡತವನ್ನು ಈಗ ಎಷ್ಟು ಮಂದಿ ಹಿಡಿದಿದ್ದಾರೆ ಎಂಬುದು. ಅದನ್ನು ತೆಗೆಯುವಂತಿಲ್ಲ. ಹಿಡಿದವರೆಲ್ಲ ಬಿಟ್ಟರೋ ಇಲ್ಲವೋ ಎಂದು ತಿಳಿಯದೆ ಯಾವುದನ್ನೂ ಮೆಮೊರಿಯಿಂದ ಇಳಿಸಲಾಗದು. ಪ್ರತಿ ಸಲ ತೆರೆದು ಮುಚ್ಚುವ ಬದಲು ಒಮ್ಮೆ ತೆರೆದು ಹಿಡಿದುಕೊಂಡಿರಿ ಎಂದು ಲ್ಯಾಬಿನ ತಂತ್ರಾಂಶದವರಿಗೆ ಒಂದು ಕಾಗದ ಬರೆದು ಕೊಟ್ಟು ಬಂದೆ. ಅವರು ಮಾಡಿದರೆ ಅದೂ ತಣ್ಣಗಾಗುತ್ತದೆ. ಮಾಡದಿದ್ದರೂ ಎರಡು ಗಂಟೆಯ ಚಹಾ ಆರುವುದಿಲ್ಲ.

ಮನೆ ಸೇರಿದಾಗ ಏಳೂವರೆ. ಅತ್ತೆ ರೊಟ್ಟಿಗೆ ಕೂತಿದ್ದರು. ಕೈಕಾಲು ತೊಳೆದು ಹಂಚಿನ ಮುಂದೆ ಕೂತೆ. ಬಾಯಿ ಮುಚ್ಚಿಕೊಂಡೇ ತಿರುವಿದೆ. ಎಲ್ಲೋ ನಡುವೆ ಅತ್ತೆ ಕೈ ನಿಲ್ಲಿಸದೆ ನನ್ನ ಮುಖ ನೋಡಿದರು, “ಯಾಕವಾ, ಆರಾಮಿಲ್ಲೇನು?”

“ಆರಾಮ ಅದೀನತ್ತಿ.”

ಉಂಡದ್ದು: ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಮೇಡಂ ಕಟ್ಟಿಕೊಟ್ಟಿದ್ದ ಸುರಪುರದ ಅವರ ಮನೆಯ ಕೆಂಪು ಖಾರ. ನಮ್ಮ ಯಜಮಾನರು ಎರಡು ಸಲ ಹಾಕಿಸಿಕೊಂಡು ಕಣ್ಣು ಒರೆಸಿಕೊಂಡರು. ಬುಟ್ಟಿ ಮುಚ್ಚುವಾಗ ನೋಡಿದೆ, ನಾಲ್ಕು ಉಳಿದಿದ್ದವು. ದಿನಚರಿಯಲ್ಲಿ ಅಷ್ಟನ್ನೇ ಬರೆದೆ.